ಘಟ್ಟದ ಕಾರು ಟ್ರ್ಯಾಕಿಗಿಳಿದಾಗ: ಎಸ್ಟೀಮ್ ಕೆಲಸದ ಈವರೆಗಿನ ಪ್ರಗತಿ

ಮಳೆಗಾಲದಲ್ಲಿ ಮಡಿಕೇರಿಯ ಶೆಡ್ಡಿನಲ್ಲಿ ಆರಂಭಿಸಿದ, ಹಳೆಯ ಮಾರುತಿ ಎಸ್ಟೀಮ್ ಕಾರನ್ನು ರೇಸ್ ಟ್ರ್ಯಾಕಿಗೆ ಸಜ್ಜುಗೊಳಿಸುವ ಕೆಲಸ ಈಗ ಒಂದು ಹಂತಕ್ಕೆ ಬಂದಿದೆ. ಕಾಫಿ ಕೊಯ್ಲು ಮುಗಿದು, ಗಿಡದಲ್ಲಿ ಹೂ ಅರಳಿಸುವ ಹೂಮಳೆ ಬೀಳುವ ಮೊದಲು ಸಿಕ್ಕ ಬಿಡುವಿನಲ್ಲಿ, ಕಾರನ್ನು ಕೊಯಮತ್ತೂರಿನ ಹತ್ತಿರದ ಚೆಟ್ಟಿಪಾಳಯದಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇಗೆ ಒಯ್ದು, ಸಾಮಾನ್ಯರೂ ತಮ್ಮ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸಬಹುದಾದ ಟ್ರ್ಯಾಕ್ ಡೇಯಲ್ಲಿ ಓಡಿಸಿದೆ. 2.1 ಕಿಲೋಮೀಟರ್ ಉದ್ದದ ಈ ಟ್ರ್ಯಾಕಿಗೆ ಎಸ್. ಕರಿವರ್ಧನ್ ಅವರ ಹೆಸರಿಡಲಾಗಿದೆ. ಮಾರುತಿ 800ರ ಇಂಜಿನ್ ಬಳಸಿ ಫಾರ್ಮುಲಾ ಮಾರುತಿ ಕಾರುಗಳನ್ನು ಕಟ್ಟಿ, ನಮ್ಮ ದೇಶದ ಸಾಮಾನ್ಯ ಚಾಲಕರಿಗೂ ರೇಸಿಂಗ್ ಕಾರು ಎಟುಕುವಂತೆ ಮಾಡಿದವರು ಅವರು. ಮಾರುತಿ ಕಾರನ್ನೇ ಕೆಲಸಕ್ಕೆ ಆರಿಸಿಕೊಂಡ ನನಗೆ ಅಲ್ಲಿಗೇ ಮೊದಲು ಹೋಗಬೇಕೆಂಬ ಆಸೆ ಇತ್ತು.

ಕಾರಿನಲ್ಲಿರುವುದು 1298 ಸಿಸಿಯ ಹದಿನಾರು ವಾಲ್ವಿನ ಜಿ13ಬಿಬಿ ಇಂಜಿನ್. ಅದರ ಶಕ್ತಿ ಸುಮಾರು 85 ಅಶ್ವಶಕ್ತಿ. ಮಾರುತಿಯದೇ ಜೀಪಾದ ಜಿಪ್ಸಿ ಕಿಂಗ್‌ನಲ್ಲಿಯೂ ಇದೇ ಕುಟುಂಬದ ಇಂಜಿನ್ ಇರುವುದರಿಂದ ಕೊಡಗಿನ ಮೆಕ್ಯಾನಿಕ್‌ಗಳಿಗೆ ಇದು ಚೆನ್ನಾಗಿ ಪರಿಚಯ, ಬಿಡಿಭಾಗಗಳೂ ಸುಲಭವಾಗಿ ಸಿಗುತ್ತವೆ. ಕೆಲಸ ಆರಂಭವಾದಾಗ ಗ್ಯಾರೇಜಿನ ಹುಡುಗ, "ಅಣ್ಣಾ, ಇಂಜಿನ್ನಿಗೆ ಏನೂ ಮಾಡಿಸುವುದಿಲ್ಲವಾ?" ಎಂದು ಬೇಸರದಿಂದ ಕೇಳಿದ್ದ. ಇಂಜಿನ್ನಿಗೆ ಹೊಸ ಆಯಿಲ್, ಹೊಸ ಥರ್ಮೋಸ್ಟಾಟ್, ಒಳಗಿನಿಂದ ತೊಳೆದ ರೇಡಿಯೇಟರ್ ಇಷ್ಟು ಸಾಕು, ಇರುವ ಹಣವೆಲ್ಲ ಬ್ರೇಕು, ಟೈರು ಮತ್ತು ಸಸ್ಪೆನ್ಷನ್ನಿಗೆ ಹೋಗಲಿ ಎಂಬುದು ನನ್ನ ತೀರ್ಮಾನವಾಗಿತ್ತು. ಟ್ರ್ಯಾಕಿನಲ್ಲಿ ಓಡಿಸಿದ ಮೇಲೆ ಆ ತೀರ್ಮಾನ ಇನ್ನಷ್ಟು ಗಟ್ಟಿಯಾಗಿದೆ.

ಘಟ್ಟದ ರಸ್ತೆಯಲ್ಲಿ ಪಳಗಿದ ಕಾರಿಗೆ ಸಮತಟ್ಟಾದ ಟ್ರ್ಯಾಕು ಸುಲಭ ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ, ಆದರೆ ಎರಡೂ ಕಡೆ ಬ್ರೇಕಿನ ಮೇಲೆ ಬೀಳುವ ಹೊರೆ ಬೇರೆ ಬೇರೆ ರೀತಿಯದು. ಸಂಪಾಜೆ ಘಟ್ಟವನ್ನು ಇಳಿಯುವವರು ಎರಡನೆಯ ಗೇರಿನಲ್ಲಿ ಇಂಜಿನ್ನಿಗೆ ಕಾರನ್ನು ತಡೆಯಲು ಬಿಟ್ಟು ಪೆಡಲನ್ನು ಆಗಾಗ ಮಾತ್ರ ಮುಟ್ಟುತ್ತಾರೆ. ಟ್ರ್ಯಾಕಿನಲ್ಲಿ ಪೂರ್ತಿ ವೇಗದಿಂದ ಕೆಲವೇ ಸೆಕೆಂಡುಗಳಲ್ಲಿ ಕಾರನ್ನು ತಗ್ಗಿಸಬೇಕು, ಬ್ರೇಕು ತಣಿಯುವುದರೊಳಗೆ ಮುಂದಿನ ತಿರುವು ಬಂದಿರುತ್ತದೆ. ಚಾಲಕನೂ ಸೇರಿ 950 ಕಿಲೋ ತೂಗುವ ಕಾರು ಗಂಟೆಗೆ 120 ಕಿಲೋಮೀಟರ್ ವೇಗದಿಂದ 60ಕ್ಕೆ ಇಳಿದಾಗ ಸುಮಾರು 395 ಕಿಲೋಜೂಲ್ ಚೈತನ್ಯ ಶಾಖವಾಗುತ್ತದೆ. ಒಂದು ಲೀಟರಿಗಿಂತ ಹೆಚ್ಚು ತಣ್ಣೀರನ್ನು ಕುದಿಸಲು ಸಾಕಾಗುವ ಈ ಶಾಖದ ಬಹುಪಾಲು ಮುಂದಿನ ಚಕ್ರಗಳ ಎರಡು ಬ್ರೇಕ್ ಡಿಸ್ಕುಗಳ ಪಾಲಾಗುತ್ತದೆ, ಮತ್ತು ಪ್ರತಿ ಸುತ್ತಿನಲ್ಲಿಯೂ ಇದು ಮರುಕಳಿಸುತ್ತದೆ.

ಆದ್ದರಿಂದ ಮೊದಲು ಕೈ ಹಾಕಿದ್ದು, ಪೆಡಲಿನ ಒತ್ತಡವನ್ನು ಚಕ್ರಗಳಿಗೆ ಮುಟ್ಟಿಸುವ ಬ್ರೇಕ್ ಫ್ಲೂಯಿಡ್‌ಗೆ. ಈ ದ್ರವ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೂ ಒಣಗದ ಕೊಡಗಿನಲ್ಲಿ ಈ ಗುಣವನ್ನು ಕಡೆಗಣಿಸುವಂತಿಲ್ಲ. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬ ನಿಯಮವಿದ್ದರೂ ತೇವ ಸೇರಿದಾಗ ಅದರ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಮಿತಿಗಳು 230 ಮತ್ತು 155 ಡಿಗ್ರಿ. ಡಿಸ್ಕಿಗೆ ಪ್ಯಾಡುಗಳನ್ನು ಒತ್ತಿ ಹಿಡಿಯುವ ಕ್ಯಾಲಿಪರಿನಲ್ಲಿ ದ್ರವ ಕುದಿದರೆ ಆವಿಯ ಗುಳ್ಳೆಗಳು ಏಳುತ್ತವೆ, ಆವಿ ಒತ್ತಿದಂತೆಲ್ಲ ಕುಗ್ಗುವುದರಿಂದ ಪೆಡಲು ನೆಲ ಮುಟ್ಟಿದರೂ ಕಾರು ನಿಲ್ಲುವುದಿಲ್ಲ. ಹಳೆಯದನ್ನು ಪೂರ್ತಿಯಾಗಿ ಹೊರಹಾಕಿ, ಸೀಲು ಒಡೆಯದ ಡಬ್ಬಿಯಿಂದ ಡಾಟ್ 4 ತುಂಬಿಸಿದೆ. ಬಿರುಕು ಕಾಣತೊಡಗಿದ್ದ ರಬ್ಬರ್ ಹೋಸುಗಳ ಜಾಗಕ್ಕೆ ಹೊಸವು ಬಂದವು, ಮುಂದಿನ ಪ್ಯಾಡುಗಳೂ ಹೊಸವಾದವು. ಹಿಂದಿನ ಚಕ್ರಗಳ ಬ್ರೇಕ್ ಡ್ರಮ್‌ಗಳನ್ನು ತೆಗೆದು ಶುಚಿಗೊಳಿಸಿ ಹೊಂದಿಸಿದ್ದು ಬಿಟ್ಟರೆ ಅವುಗಳಲ್ಲಿ ಬೇರೇನೂ ಬದಲಿಸಿಲ್ಲ.

ಟೈರಿನ ವಿಷಯದಲ್ಲಿ ಕಾನೂನನ್ನೂ ನೋಡಬೇಕಾಯಿತು. ಈ ಕಾರು ಟ್ರೈಲರಿನಲ್ಲಿ ಹೋಗುವುದಿಲ್ಲ, ರಸ್ತೆಯಲ್ಲೇ ಓಡಿ ಹೋಗಿ ಓಡಿಯೇ ಬರಬೇಕು. ಹದಿನೈದು ವರ್ಷ ದಾಟಿದ ಕಾರಾದ್ದರಿಂದ ಐದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಂತು ನೋಂದಣಿಯನ್ನೂ ನವೀಕರಿಸಿಕೊಳ್ಳಬೇಕು. ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ, 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿದೆ. ಹೀಗಾಗಿ ಇಂಜಿನ್ ಬದಲಾವಣೆ, ಸದ್ದು ಮಾಡುವ ಸೈಲೆನ್ಸರ್, ಕೆಳಗಿಳಿಸಿದ ಬಾಡಿ ಯಾವುದನ್ನೂ ನಾನು ಯೋಚಿಸಲಿಲ್ಲ. 175/70 ಆರ್13 ಟೈರಿನ ಬದಲು 185/60 ಆರ್14 ಹಾಕಿದೆ. ಇಲ್ಲಿ ಮೊದಲ ಅಂಕಿ ಟೈರಿನ ಅಗಲ ಮಿಲಿಮೀಟರಿನಲ್ಲಿ, ಎರಡನೆಯದು ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು, ಕೊನೆಯದು ರಿಮ್ಮಿನ ವ್ಯಾಸ ಇಂಚಿನಲ್ಲಿ. ಲೆಕ್ಕ ಹಾಕಿದರೆ ಮೊದಲನೆಯದರ ಒಟ್ಟು ವ್ಯಾಸ ಸುಮಾರು 575 ಮಿಲಿಮೀಟರ್, ಎರಡನೆಯದು 578. ವ್ಯತ್ಯಾಸ ಶೇಕಡಾ ಅರ್ಧದಷ್ಟೂ ಇಲ್ಲದ ಕಾರಣ ಸ್ಪೀಡೋಮೀಟರ್ ಸರಿಯಾಗಿಯೇ ತೋರಿಸುತ್ತದೆ, ಟೈರಿನ ಪಕ್ಕದ ಗೋಡೆ ಗಿಡ್ಡವಾದುದರಿಂದ ತಿರುವಿನಲ್ಲಿ ಅದು ಮಡಚಿಕೊಳ್ಳುವುದು ಕಡಿಮೆಯಾಗುತ್ತದೆ. ಹೊಸ ಶಾಕ್ ಅಬ್ಸಾರ್ಬರುಗಳಿಂದ ಆದ ಲಾಭವಂತೂ ಮೂರ್ನಾಡು ರಸ್ತೆಯಲ್ಲೇ ತಿಳಿದಿತ್ತು.

ಕುಶಾಲನಗರ, ಮೈಸೂರು, ಚಾಮರಾಜನಗರದ ಮೂಲಕ ಹೊರಟು, ದಿಂಬಂ ಘಟ್ಟದ 27 ಹೇರ್‌ಪಿನ್ ತಿರುವುಗಳನ್ನು ಇಳಿದು ಸತ್ಯಮಂಗಲ ಸೇರಿದೆ. ಆ ಕಾಡಿನ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇರುವುದರಿಂದ ಹಗಲಲ್ಲೇ ದಾಟುವಂತೆ ಹೊರಡಬೇಕು. ಇಳಿಜಾರಿನಲ್ಲಿ ಇಂಜಿನ್ನಿನ ತಡೆಯನ್ನೇ ನೆಚ್ಚಿಕೊಂಡು, ಪ್ಯಾಡುಗಳನ್ನು ಮರುದಿನಕ್ಕೆ ಉಳಿಸಿಕೊಂಡೆ.

ಎತ್ತರದ ಪರಿಣಾಮ ನನಗೆ ಬಹಳ ಕುತೂಹಲ ಹುಟ್ಟಿಸಿದ ಸಂಗತಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ, ಕೊಯಮತ್ತೂರು ಸುಮಾರು 400 ಮೀಟರ್. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಇಂಜಿನ್ ನಮ್ಮೂರಿನ ತೆಳುಗಾಳಿಯಲ್ಲಿ ತನ್ನ ಶಕ್ತಿಯ ಸುಮಾರು ಹತ್ತನೇ ಒಂದು ಪಾಲನ್ನು ಕಳೆದುಕೊಂಡಿರುತ್ತದೆ, ಬಯಲಿಗೆ ಇಳಿದಾಗ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮರಳಿ ಸಿಗುತ್ತದೆ, ಅಲ್ಲಿಯ ಬಿಸಿಲು ಅದರಲ್ಲಿ ಸ್ವಲ್ಪವನ್ನು ಕಸಿದುಕೊಳ್ಳುತ್ತದೆ. ಟೈರಿನ ಗಾಳಿಯ ಲೆಕ್ಕವೂ ಬದಲಾಗುತ್ತದೆ. ಹೊರಗಿನ ವಾಯುಭಾರ ಹೆಚ್ಚಾಗುವುದರಿಂದ ಮಡಿಕೇರಿಯಲ್ಲಿ ತುಂಬಿದ ಗಾಳಿಯನ್ನು ಕೆಳಗೆ ಅಳೆದರೆ ಎತ್ತರದ ಕಾರಣಕ್ಕೇ ಮಾಪಕದಲ್ಲಿ ಒತ್ತಡ ಒಂದು ಪಿಎಸ್ಐಗಿಂತ (ಗಾಳಿಯ ಒತ್ತಡದ ಅಳತೆ) ಸ್ವಲ್ಪ ಹೆಚ್ಚೇ ಇಳಿದಿರುತ್ತದೆ, ಬಿಸಿ ಹವೆ ಅದನ್ನು ಮತ್ತೆ ಮೇಲಕ್ಕೇರಿಸುತ್ತದೆ. ಈ ಎರಡರ ಜಗ್ಗಾಟದಲ್ಲಿ ಊರಿನ ಅಳತೆಗೆ ಬೆಲೆಯಿಲ್ಲ. ಟ್ರ್ಯಾಕಿನಲ್ಲೇ, ಬೆಳಗಿನ ತಂಪಿನಲ್ಲಿ, ನಮ್ಮದೇ ಮಾಪಕದಿಂದ ಅಳೆದು 28 ಪಿಎಸ್ಐಗೆ ಹೊಂದಿಸಿದೆ. ಓಡಿ ಬಂದ ಕೂಡಲೇ ಅಳೆದಾಗ ಮುಂದಿನ ಟೈರುಗಳು 34ರ ಹತ್ತಿರ ಇದ್ದವು.

ಟ್ರ್ಯಾಕಿಗೆ ಇಳಿಸುವ ಮೊದಲಿನ ತಪಾಸಣೆಯಲ್ಲಿ ಅಲ್ಲಿಯವರು ಬ್ಯಾಟರಿ ಬಿಗಿಯಾಗಿದೆಯೇ, ಎಲ್ಲಿಯಾದರೂ ಸೋರಿಕೆ ಇದೆಯೇ, ಎಳೆಯುವ ಕೊಕ್ಕೆ ಗಟ್ಟಿಯಿದೆಯೇ, ಹೆಲ್ಮೆಟ್ ಸರಿಯಿದೆಯೇ ಎಂದು ನೋಡಿದರು. ಸ್ಟೆಪ್ನಿ, ಜ್ಯಾಕ್, ಕಾಲಡಿಯ ಮ್ಯಾಟ್ ಎಲ್ಲವನ್ನೂ ಹೊರಗಿಟ್ಟು ಹೆಡ್‌ಲೈಟುಗಳಿಗೆ ಟೇಪು ಅಂಟಿಸಿದ್ದಾಯಿತು. ಸಾಮಾನ್ಯ ವಾಹನ ವಿಮೆ ಸಂಘಟಿತ ರೇಸು ಮತ್ತು ವೇಗ ಪರೀಕ್ಷೆಯನ್ನು ಒಳಗೊಳ್ಳುವುದಿಲ್ಲವೆಂಬುದನ್ನು ಟ್ರ್ಯಾಕ್ ಡೇಗೆ ಹೊರಡುವ ಪ್ರತಿಯೊಬ್ಬರೂ ತಿಳಿದಿರಬೇಕು. ಅಲ್ಲಿ ಆಗುವ ನಷ್ಟವನ್ನು ನಾವೇ ಭರಿಸಬೇಕು.

ಓಡಿಸುವಾಗ ನನ್ನ ಕೈಗಳು ಕಷ್ಟಪಟ್ಟು ಕಲಿತದ್ದು ರಸ್ತೆಯ ಅಗಲವನ್ನು ಬಳಸುವುದನ್ನು. ಕೊಡಗಿನ ಕಿರುದಾರಿಯಲ್ಲಿ ಪ್ರತಿ ತಿರುವಿನ ಆಚೆ ಬಸ್ಸೋ, ದನವೋ, ಸೌದೆ ಹೊತ್ತ ಜೀಪೋ ಇರಬಹುದೆಂದು ಹಾರ್ನ್ ಹಾಕಿ ಎಡಕ್ಕೆ ಒತ್ತಿಕೊಂಡೇ ಹೋಗುತ್ತೇವೆ, ಹಾಗೆಯೇ ಹೋಗಬೇಕು ಕೂಡ. ಟ್ರ್ಯಾಕಿನಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ. ಹೊರ ಅಂಚಿನಿಂದ ಒಳಗೆ ಬಂದು ಮತ್ತೆ ಹೊರ ಅಂಚಿಗೆ ಹೋಗುವ ಗೆರೆಯನ್ನು ಹಿಡಿದರೆ ಅದೇ ತಿರುವಿನ ತ್ರಿಜ್ಯ ದೊಡ್ಡದಾಗಿ, ಟೈರಿನ ಅದೇ ಹಿಡಿತದಲ್ಲಿ ಹೆಚ್ಚಿನ ವೇಗ ಸಿಗುತ್ತದೆ. ಆ ಗೆರೆಯ ಜಾಗ ಟ್ರ್ಯಾಕು ಮಾತ್ರ. ಮಡಿಕೇರಿಯಿಂದ ಮೈಸೂರಿಗೆ ಹೋಗುವ ರಸ್ತೆಯಲ್ಲಿ ಅದನ್ನು ಅಭ್ಯಾಸ ಮಾಡಲು ಹೋಗುವ ಹುಡುಗರಿಗೆ ನಾನು ಇದನ್ನು ಎದುರಿಗೇ ಹೇಳುತ್ತಿದ್ದೇನೆ.

ಬೆಳಗಿನ ಸೆಷನ್ನುಗಳಲ್ಲಿ ಬ್ರೇಕು ಚೆನ್ನಾಗಿ ಕೆಲಸ ಮಾಡಿತು. ಮಧ್ಯಾಹ್ನದ ಬಿಸಿಲಿನಲ್ಲಿ, ಸೆಷನ್ನಿನ ಕೊನೆಯ ಸುತ್ತುಗಳಲ್ಲಿ, ಪೆಡಲು ಕಲ್ಲಿನಂತೆ ಗಟ್ಟಿಯಾಗಿಯೇ ಇದ್ದರೂ ಕಾರು ನಿಧಾನವಾಗಲು ಹೆಚ್ಚು ದೂರ ತೆಗೆದುಕೊಳ್ಳತೊಡಗಿತು. ಈ ಲಕ್ಷಣವನ್ನು ಸರಿಯಾಗಿ ಓದುವುದು ಮುಖ್ಯ. ಪೆಡಲು ಮೆತ್ತಗಾಗಿದ್ದರೆ ದ್ರವ ಕುದಿದಿದೆ ಎಂದರ್ಥ, ಗಟ್ಟಿಯಾಗಿದ್ದೂ ಹಿಡಿತ ಇಲ್ಲದಿದ್ದರೆ ಪ್ಯಾಡು ತನ್ನ ಶಾಖದ ಮಿತಿ ದಾಟಿದೆ ಎಂದರ್ಥ. ಬ್ರೇಕನ್ನು ಹೆಚ್ಚು ಮುಟ್ಟದೆ ಒಂದು ಸುತ್ತು ನಿಧಾನವಾಗಿ ಓಡಿಸಿ ತಣಿಸಿ, ಟ್ರ್ಯಾಕಿನ ಬದಿಯಲ್ಲಿ ಕಾರು ನಿಲ್ಲಿಸುವ ಜಾಗವಾದ ಪಿಟ್‌ಗೆ ಬಂದೆ. ಕಾದ ಡ್ರಮ್ಮು ತಣಿಯುತ್ತಾ ಕುಗ್ಗಿದಾಗ ಒಳಗಿನ ಶೂಗಳು ಕಚ್ಚಿಕೊಳ್ಳಬಾರದೆಂದು ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರಕ್ಕೆ ಮರದ ತುಂಡು ಕೊಟ್ಟು ನಿಲ್ಲಿಸಿದೆ. ಇಂಜಿನ್ನಿನ ಶಾಖದ ಮುಳ್ಳು ಇಡೀ ದಿನ ನಡುಮಟ್ಟವನ್ನು ದಾಟಲಿಲ್ಲ.

ಮುಂದಿನ ಎರಡೂ ಟೈರುಗಳ ಹೊರ ಅಂಚು ಒಳಗಿನದಕ್ಕಿಂತ ಹೆಚ್ಚು ಸವೆದಿದೆ, ತಿರುವಿನಲ್ಲಿ ಕಾರಿನ ಮೂಗು ಹೊರಕ್ಕೆ ಜಾರುತ್ತಿದ್ದುದಕ್ಕೆ ಇದು ತಾಳೆಯಾಗುತ್ತದೆ. ಮುಂದಿನ ಚಕ್ರಗಳ ತಲೆ ಸ್ವಲ್ಪ ಒಳಕ್ಕೆ ವಾಲುವಂತೆ, ಒಂದೂವರೆ ಡಿಗ್ರಿಯ ನೆಗೆಟಿವ್ ಕ್ಯಾಂಬರ್ ಕೊಡಿಸಲು ಅಲೈನ್‌ಮೆಂಟಿನವರ ಜೊತೆ ಮಾತಾಡಿದ್ದೇನೆ. ಹೆಚ್ಚಿನ ಶಾಖ ತಾಳುವ ಪ್ಯಾಡುಗಳನ್ನು ಹಾಕುವ ಮೊದಲು ಅವು ನಮ್ಮೂರಿನ ತಣ್ಣನೆಯ ಮಳೆ ರಸ್ತೆಯಲ್ಲಿ ಮೊದಲ ಒತ್ತಿಗೇ ಹಿಡಿಯುತ್ತವೆಯೇ ಎಂದು ನೋಡಬೇಕು, ಹಿಡಿಯದಿದ್ದರೆ ಟ್ರ್ಯಾಕಿಗೆ ಬೇರೆ ಜೋಡಿ, ಊರಿಗೆ ಬೇರೆ ಜೋಡಿ ಇಟ್ಟುಕೊಳ್ಳುತ್ತೇನೆ. ಬಂಪರಿನಿಂದ ಡಿಸ್ಕಿನ ನಡುವಿಗೆ ಗಾಳಿ ಹಾಯಿಸುವ ಕೊಳವೆಯ ಅಳತೆ ತೆಗೆದಾಗಿದೆ. ಈಗಿರುವ ಬ್ರೇಕ್ ಫ್ಲೂಯಿಡ್ ಮುಂದಿನ ಮಳೆಗಾಲ ಕಳೆದ ಮೇಲೆ, ಟ್ರ್ಯಾಕಿಗೆ ಹೊರಡುವ ವಾರದಲ್ಲಿ, ಮತ್ತೆ ಪೂರ್ತಿಯಾಗಿ ಬದಲಾಗಲಿದೆ.