ಮಿಸೌರಿ ದಾರಿಯ ರೇಡಿಯೋ

ಅಕ್ಕನ ಕಾರು ಹಳೆಯದು. ಫೋನ್ ಜೋಡಿಸಿ ಹಾಡು ಕೇಳುವ ವ್ಯವಸ್ಥೆ ಕೆಟ್ಟು ವರ್ಷವಾಗಿದೆ. ರೇಡಿಯೋ ಮಾತ್ರ ಗಟ್ಟಿಮುಟ್ಟಾಗಿದೆ. 2021ರ ನವೆಂಬರ್ 24, ಬುಧವಾರ ಬೆಳಗ್ಗೆ ಎಂಟಕ್ಕೆ ಷಿಕಾಗೋ ಪಕ್ಕದ ನೇಪರ್‌ವಿಲ್‌ನಿಂದ ಹೊರಟೆವು. ಜೊತೆಗೆ ಒಂದು ಡಬ್ಬಿ ಶೇಂಗಾ ಹೋಳಿಗೆ, ಫ್ಲಾಸ್ಕಿನ ತುಂಬ ಚಹಾ.

ಲಸಿಕೆ ಹಾಕಿಸಿಕೊಂಡ ಹೊರದೇಶದವರಿಗೆ ಅಮೆರಿಕ ಬಾಗಿಲು ತೆರೆದದ್ದು ಅದೇ ತಿಂಗಳ 8ರಂದು. ಎರಡು ವರ್ಷ ಅಕ್ಕನ ಮುಖವನ್ನು ಫೋನಿನಲ್ಲೇ ನೋಡಿದ್ದ ನಾನು ಮರುವಾರವೇ ವಿಮಾನ ಹತ್ತಿದ್ದೆ. ಅಕ್ಕ ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿಯ ನರ್ಸ್ ಗೆಳತಿಯೊಬ್ಬಳು ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನಮ್ಮನ್ನು ತವರಿಗೆ ಕರೆದಿದ್ದಳು. ತವರು ಅಂದರೆ ಮಿಸೌರಿ ರಾಜ್ಯದ ಆಗ್ನೇಯ ಮೂಲೆ. ಕೇಪ್ ಜಿರಾರ್ಡೋ ಊರಿನ ಹತ್ತಿರ ಸೋಯಾಬೀನ್ ಬೆಳೆಯುವ ಹೊಲ.

ಆ ಊರಿನ ಹೆಸರು ಕೇಳಿದ ಕೂಡಲೇ ನನ್ನ ಕಿವಿ ನೆಟ್ಟಗಾಗಿತ್ತು. ಅಮೆರಿಕದ ಬಲಪಂಥೀಯ ರೇಡಿಯೋ ಮಾತುಗಾರಿಕೆಗೆ ರೂಪ ಕೊಟ್ಟ ರಶ್ ಲಿಂಬಾ ಹುಟ್ಟಿ ಬೆಳೆದದ್ದು ಅಲ್ಲೇ. ಅವರು ತೀರಿಕೊಂಡದ್ದು ಅದೇ ವರ್ಷದ ಫೆಬ್ರವರಿ 17ರಂದು. ಅವರಿಲ್ಲದ ಮೊದಲ ಹಬ್ಬ ಅದು.

ನಾನು ರೇಡಿಯೋ ಹುಚ್ಚಿನ ಮನೆಯಲ್ಲಿ ಬೆಳೆದವ. ಧಾರವಾಡ ಆಕಾಶವಾಣಿ, 765 ಕಿಲೋಹರ್ಟ್ಸ್. ಬೆಳಗಿನ ಚಿಂತನದಿಂದ ರಾತ್ರಿಯ ವಾರ್ತೆಯವರೆಗೆ ಅಜ್ಜ ಆ ಮುಳ್ಳನ್ನು ಕದಲಿಸುತ್ತಿರಲಿಲ್ಲ. ನಾವು ಮೀಡಿಯಂ ವೇವ್ ಅನ್ನುತ್ತಿದ್ದದ್ದನ್ನೇ ಅಮೆರಿಕದವರು ಎಎಂ ರೇಡಿಯೋ ಅನ್ನುತ್ತಾರೆ. ಅದೇ ಗರಗರ ಸದ್ದು, ದೊಡ್ಡ ವಿದ್ಯುತ್ ತಂತಿಯ ಕೆಳಗೆ ಹೋದರೆ ಅದೇ ಗುಂಯ್‌ಗುಟ್ಟುವಿಕೆ. ಭಾವ ಯಾವಾಗಲೂ ಎಫ್‌ಎಂನಲ್ಲಿ ಸಾರ್ವಜನಿಕ ರೇಡಿಯೋ ಹಚ್ಚುವವರು. ಈ ಸಲ ಹೋಗುವಾಗ ಎಎಂ ಬಿಟ್ಟು ಬೇರೆ ಏನೂ ಬೇಡ ಎಂದು ನಾನು ಕೇಳಿಕೊಂಡೆ. ಅವರು ಒಪ್ಪಿದರು.

ಇಲಿನಾಯ್ ರಾಜ್ಯದ ನೆಲ ಚಪ್ಪಟೆ. ಕೊಯ್ಲು ಮುಗಿದ ಮೆಕ್ಕೆಜೋಳದ ಹೊಲಗಳು ಕಣ್ಣು ಮುಟ್ಟುವವರೆಗೂ. ನಡುವೆ ಗಾಳಿಯಂತ್ರಗಳು, ದವಸ ತುಂಬುವ ಎತ್ತರದ ಸಿಲಿಂಡರುಗಳು. ಹೊರಗೆ ನೋಡಲು ಇರುವುದು ಇಷ್ಟೇ ಆದಾಗ ಕಿವಿ ತಾನಾಗಿ ಚುರುಕಾಗುತ್ತದೆ.

ಆ ದಿನ ಎಲ್ಲ ಸ್ಟೇಷನ್‌ಗಳಲ್ಲೂ ಜಾಸ್ತಿ ಕೇಳಿದ ಮಾತು ಪೆಟ್ರೋಲಿನದು. ಗ್ಯಾಲನ್‌ಗೆ ಸರಾಸರಿ 3 ಡಾಲರ್ 40 ಸೆಂಟ್‌ವರೆಗೆ ಏರಿತ್ತು. ಹಿಂದಿನ ದಿನವಷ್ಟೇ ಅಧ್ಯಕ್ಷ ಬೈಡನ್ ದೇಶದ ತುರ್ತು ಸಂಗ್ರಹದಿಂದ 5 ಕೋಟಿ ಬ್ಯಾರಲ್ ತೈಲ ಬಿಡುವುದಾಗಿ ಘೋಷಿಸಿದ್ದರು. ಅಕ್ಟೋಬರ್‌ನ ಬೆಲೆಯೇರಿಕೆ ವರ್ಷದ ಲೆಕ್ಕದಲ್ಲಿ ಶೇ 6.2. ಸುಮಾರು ಮೂವತ್ತು ವರ್ಷದಲ್ಲಿ ಅಷ್ಟು ಏರಿರಲಿಲ್ಲ. ಹಬ್ಬದ ಟರ್ಕಿ ಕೋಳಿಯ ಬೆಲೆಯೂ ರಾಜಕೀಯವಾಗಿತ್ತು. ಅದರ ಹಿಂದೆಯೇ ದೊಡ್ಡ ಕಂಪನಿಗಳ ನೌಕರರಿಗೆ ಲಸಿಕೆ ಇಲ್ಲವೇ ವಾರವಾರ ಪರೀಕ್ಷೆ ಕಡ್ಡಾಯ ಮಾಡಲು ಹೊರಟಿದ್ದರ ಮೇಲಿನ ಸಿಟ್ಟು. ಅದರ ಹಿಂದೆ ಚಿನ್ನದ ನಾಣ್ಯ ಕೊಳ್ಳಿ ಎನ್ನುವ ಜಾಹೀರಾತು. ನಾಳೆ ಊಟದ ಮೇಜಿನಲ್ಲಿ ಎಡಪಂಥದ ಸೋದರಳಿಯ ವಾದಕ್ಕೆ ಇಳಿದರೆ ಏನು ಉತ್ತರ ಕೊಡಬೇಕು ಎಂದು ಒಬ್ಬ ನಿರೂಪಕ ಅರ್ಧ ಗಂಟೆ ಹೇಳಿಕೊಟ್ಟರು. ನನಗೆ ಬೇಸರವಾಯಿತು. ವರ್ಷಕ್ಕೊಮ್ಮೆ ಸೇರುವ ಮನೆಯವರನ್ನು ಎದುರಾಳಿಗಳಂತೆ ಕಾಣಲು ಕಲಿಸುವುದು ಸರಿಯಲ್ಲ.

ಆದರೆ ಕರೆ ಮಾಡಿದವರ ಮಾತು ಬೇರೆ ಥರ ಇತ್ತು. ಹಬ್ಬದ ವಾರ ದೊಡ್ಡ ಹೆಸರಿನ ನಿರೂಪಕರು ಅನೇಕರು ರಜೆ ಹಾಕುತ್ತಾರೆ. ಅವರ ಜಾಗದಲ್ಲಿ ಬದಲಿಯವರು ಕೂರುತ್ತಾರೆ. ಕೇಳುಗರಿಗೆ ಮಾತಿಗೆ ಜಾಗ ಜಾಸ್ತಿ ಸಿಗುತ್ತದೆ. ಒಬ್ಬ ಲಾರಿ ಡ್ರೈವರ್ ಕರೆ ಮಾಡಿದ್ದ. ಹಬ್ಬಕ್ಕೆ ಮನೆ ಮುಟ್ಟುವುದಿಲ್ಲ, ಯಾವುದೋ ಗೋದಾಮಿನ ಮುಂದೆ ಸರದಿಯಲ್ಲಿ ನಿಂತಿದ್ದೇನೆ ಅಂದ. ರಾಜಕೀಯದ ಒಂದು ಮಾತನ್ನೂ ಆಡಲಿಲ್ಲ. ಸುಮ್ನೆ ಮಾತಾಡಬೇಕು ಅನ್ನಿಸಿತು ಅಂತ ಹೇಳಿ ಇಟ್ಟುಬಿಟ್ಟ. ಕಾರಿನಲ್ಲಿ ನಾವು ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹನ್ನೊಂದರ ಸುಮಾರಿಗೆ ಸ್ಪ್ರಿಂಗ್‌ಫೀಲ್ಡ್. ಲಿಂಕನ್ ಅಧ್ಯಕ್ಷರಾಗುವವರೆಗೆ ಬದುಕಿದ್ದ ಮನೆಯ ಮುಂದೆ ಚಹಾ ಕುಡಿದೆವು. ಈ ಹಬ್ಬವನ್ನು ಇಡೀ ದೇಶ ಒಂದೇ ದಿನ ಮಾಡುವಂತೆ 1863ರಲ್ಲಿ ಘೋಷಿಸಿದ್ದು ಅವರೇ. ಒಳಯುದ್ಧದ ನಡುವೆ, ದೇಶ ಎರಡಾಗಿ ಒಡೆದಿದ್ದಾಗ. ಅದಕ್ಕಾಗಿ ಸಾರಾ ಹೇಲ್ ಎಂಬ ಪತ್ರಿಕಾ ಸಂಪಾದಕಿ ಹತ್ತಾರು ವರ್ಷ ಅಧ್ಯಕ್ಷರುಗಳಿಗೆ ಕಾಗದ ಬರೆದಿದ್ದರು.

ಕಾರಿಗೆ ಮರಳಿದಾಗ ಮಧ್ಯಾಹ್ನದ ಕಾರ್ಯಕ್ರಮ ನಡೆಯುತ್ತಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಅದು ಲಿಂಬಾ ಅವರ ಹೊತ್ತು. ಆ ವರ್ಷದ ಜೂನ್‌ನಿಂದ ಕ್ಲೇ ಟ್ರಾವಿಸ್ ಮತ್ತು ಬಕ್ ಸೆಕ್ಸ್‌ಟನ್ ಎಂಬಿಬ್ಬರದಾಗಿತ್ತು. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಜಾರ್ಜಿಯಾದಿಂದ ಸುದ್ದಿ ಬಂತು. ಓಡಲು ಹೋಗಿದ್ದ ಕಪ್ಪು ಯುವಕ ಅಹ್ಮದ್ ಆರ್ಬರಿಯನ್ನು ಬೆನ್ನಟ್ಟಿ ಕೊಂದ ಮೂವರೂ ತಪ್ಪಿತಸ್ಥರು ಎಂದು ತೀರ್ಪು. ಹಿಂದಿನ ಶುಕ್ರವಾರ ವಿಸ್ಕಾನ್ಸಿನ್‌ನಲ್ಲಿ, ಪ್ರತಿಭಟನೆಯ ರಾತ್ರಿ ಇಬ್ಬರನ್ನು ಗುಂಡಿಟ್ಟು ಕೊಂದ ಕೈಲ್ ರಿಟನ್‌ಹೌಸ್ ನಿರ್ದೋಷಿ ಎಂದು ತೀರ್ಪಾಗಿತ್ತು. ಭಾವ ಮುಳ್ಳು ತಿರುಗಿಸುತ್ತ ಹೋದರು. ಒಂದು ಕಡೆ ಎರಡೂ ತೀರ್ಪು ಸರಿ, ನ್ಯಾಯಾಲಯವನ್ನು ನಂಬಿ ಅಂದರು. ಇನ್ನೊಂದು ಕಡೆ ಆರ್ಬರಿ ಹೆಸರೇ ಇಲ್ಲ, ಪೂರ್ತಿ ರಿಟನ್‌ಹೌಸ್. ಒಂದೇ ಬಣ್ಣದ ದನಿ ಎಂದುಕೊಂಡಿದ್ದೆ. ಒಳಗೆ ಹೊಕ್ಕರೆ ಬೇರೆ ಬೇರೆ ಎಳೆಗಳಿದ್ದವು.

ಇದೆಲ್ಲ ಹೇಗೆ ಶುರುವಾಯಿತು ಎಂದು ದಾರಿಯುದ್ದಕ್ಕೂ ಮಾತಾಡಿದೆವು. 1949ರಿಂದ ಅಮೆರಿಕದ ರೇಡಿಯೋ, ಟಿವಿಗೆ ಒಂದು ನಿಯಮವಿತ್ತು. ಸಾರ್ವಜನಿಕ ವಿಷಯ ಎತ್ತಿದರೆ ಎದುರು ಪಕ್ಷದ ಮಾತಿಗೂ ಜಾಗ ಕೊಡಬೇಕು. 1987ರಲ್ಲಿ ಅದನ್ನು ಕೈಬಿಟ್ಟರು. ಆ ಹೊತ್ತಿಗೆ ಸಂಗೀತ ಕೇಳುವವರೆಲ್ಲ ಎಫ್‌ಎಂ ಕಡೆ ಹೋಗಿದ್ದರು. ಎಎಂ ಸ್ಟೇಷನ್‌ಗಳು ಸೊರಗಿದ್ದವು. 1988ರ ಆಗಸ್ಟ್ 1ರಂದು ಲಿಂಬಾ ಅವರ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಊರೂರಿನ ಸ್ಟೇಷನ್‌ಗಳಿಗೆ ಮೊದಮೊದಲು ಅದನ್ನು ದುಡ್ಡಿಲ್ಲದೆ ಕೊಟ್ಟರು. ಬದಲಿಗೆ ಕೆಲವು ನಿಮಿಷ ಜಾಹೀರಾತಿನ ಹೊತ್ತು ತೆಗೆದುಕೊಂಡರು. ಮುಂದೆ ಅದು ಸುಮಾರು 600 ಸ್ಟೇಷನ್‌ಗಳಿಗೆ ಹಬ್ಬಿತು. 1994ರಲ್ಲಿ ನಲವತ್ತು ವರ್ಷದ ನಂತರ ರಿಪಬ್ಲಿಕನ್ನರು ಕೆಳಮನೆ ಗೆದ್ದಾಗ, ಹೊಸ ಸದಸ್ಯರು ಅವರಿಗೆ ಗೌರವ ಸದಸ್ಯತ್ವ ಕೊಟ್ಟರು. ಒಂದು ದನಿ ಏನು ಮಾಡಬಲ್ಲದು ನೋಡಿ.

ಸೇಂಟ್ ಲೂಯಿಸ್‌ನಲ್ಲಿ ನಿಲ್ಲಲಿಲ್ಲ. ಲಿಂಬಾ ಅವರ ಸಮಾಧಿ ಆ ನಗರದ ಬೆಲ್‌ಫಾಂಟೇನ್ ಸ್ಮಶಾನದಲ್ಲಿದೆ. ಕತ್ತಲಾಗುವ ಮುಂಚೆ ಹೊಲದ ಮನೆ ಸೇರಬೇಕಿತ್ತು. ಸೇರಿದೆವು.

ಮರುದಿನ ಬೆಳಗ್ಗೆ ಟರ್ಕಿ ಒಲೆಯಲ್ಲಿ ಬೇಯುತ್ತಿದ್ದಾಗ ಅಕ್ಕನ ಗೆಳತಿ ನಮ್ಮನ್ನು ಊರು ತೋರಿಸಲು ಕರೆದೊಯ್ದಳು. ಕೇಪ್ ಜಿರಾರ್ಡೋದ ಒಂದು ಅಂಚಿಗೆ ಮಿಸಿಸಿಪ್ಪಿ ನದಿ. ನೆರೆ ತಡೆಯಲು ಕಟ್ಟಿದ ಉದ್ದದ ಗೋಡೆ. ಅದರ ಒಂದು ಭಾಗದಲ್ಲಿ ಮಿಸೌರಿಯ ಹೆಸರಾಂತರ ಚಿತ್ರಗಳಿವೆ. ಮಾರ್ಕ್ ಟ್ವೇನ್ ಇದ್ದಾರೆ, ಅಧ್ಯಕ್ಷ ಟ್ರೂಮನ್ ಇದ್ದಾರೆ, ಲಿಂಬಾ ಇದ್ದಾರೆ. ಇದೇ ಊರಿನ ಸ್ಟೇಷನ್‌ನಲ್ಲಿ ಹುಡುಗನಾಗಿದ್ದಾಗಲೇ ಅವರು ಬೇರೆ ಹೆಸರಿಟ್ಟುಕೊಂಡು ಹಾಡು ಹಾಕುತ್ತಿದ್ದರು. ಊರಿನ ನ್ಯಾಯಾಲಯದ ಕಟ್ಟಡಕ್ಕೆ ಅವರ ವಕೀಲ ಅಜ್ಜನ ಹೆಸರಿದೆ.

ಅಲ್ಲಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲಿ ಕಣ್ಣೀರ ದಾರಿಯ ಹೆಸರಿನ ರಾಜ್ಯ ಉದ್ಯಾನ. 1830ರ ಕಾನೂನಿನ ಬಲದಿಂದ ಮೂಲನಿವಾಸಿ ಚೆರೋಕಿ ಜನರನ್ನು ಅವರ ನೆಲದಿಂದ ಎಬ್ಬಿಸಿ ಪಶ್ಚಿಮಕ್ಕೆ ನಡೆಸಿದರು. 1838-39ರ ಚಳಿಗಾಲದಲ್ಲಿ ಅವರಲ್ಲಿ ಬಹಳಷ್ಟು ಜನ ಮಿಸಿಸಿಪ್ಪಿ ದಾಟಿದ್ದು ಇಲ್ಲೇ. ನದಿಯಲ್ಲಿ ಹಿಮದ ತುಂಡುಗಳು ತೇಲುತ್ತಿದ್ದವು. ದೋಣಿಗೆ ದಿನಗಟ್ಟಲೆ ಕಾಯಬೇಕಿತ್ತು. ಇಡೀ ದಾರಿಯಲ್ಲಿ ಸತ್ತವರು ಸುಮಾರು 4000 ಎಂಬ ಅಂದಾಜಿದೆ. ಗುಡ್ಡದ ತುದಿಯಲ್ಲಿ ನಿಂತು ಕೆಳಗೆ ನೋಡಿದೆ. ಎಲೆ ಉದುರಿದ ಮರಗಳು, ಕಂದು ನೀರು, ದವಸದ ದೋಣಿಗಳ ಸಾಲು. ನಮ್ಮನ್ನು ಬಿಟ್ಟು ಯಾರೂ ಇರಲಿಲ್ಲ. ಅಷ್ಟು ದೂರದಿಂದ ಬಂದು ಆ ನೀರನ್ನು ನೋಡಿದ್ದಕ್ಕೆ ಇಂದಿಗೂ ನನಗೆ ಸಮಾಧಾನವಿದೆ. ಆ ದಿನ, ಆ ಹಬ್ಬದ ದಿನ, ಅಲ್ಲಿ ಯಾರಾದರೂ ನಿಲ್ಲಬೇಕು ಅನ್ನಿಸಿತು.

ಊಟ ಎರಡು ಗಂಟೆಗೆ. ನಾವು ಕೋಳಿ ತಿನ್ನುವುದಿಲ್ಲ ಎಂದು ನಮಗಾಗಿ ಬೀನ್ಸ್, ಸಿಹಿಗೆಣಸು, ಮೆಕ್ಕೆಜೋಳದ ಬ್ರೆಡ್ಡು, ಕುಂಬಳದ ಪೈ ಎಲ್ಲ ಬೇರೆಯಾಗಿ ಇಟ್ಟಿದ್ದರು. ಮನೆಯ ಯಜಮಾನರಿಗೆ, ಅಂದರೆ ಗೆಳತಿಯ ಅಪ್ಪನಿಗೆ, ಎಂಬತ್ತರ ಹತ್ತಿರ. ಶೇಂಗಾ ಹೋಳಿಗೆಯನ್ನು ಎರಡು ತಿಂದು ಮೂರನೆಯದನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು.

ಅವರೇ ಆ ಕಥೆ ತೆಗೆದರು. ಪ್ರತಿ ವರ್ಷ ಹಬ್ಬದ ಮುನ್ನ ಲಿಂಬಾ ಹೇಳುತ್ತಿದ್ದ ಥ್ಯಾಂಕ್ಸ್‌ಗಿವಿಂಗ್‌ನ ನಿಜವಾದ ಕಥೆ. ಇಂಗ್ಲೆಂಡಿನಿಂದ ಅಮೆರಿಕದ ಪ್ಲಿಮತ್‌ಗೆ ಬಂದಿಳಿದವರು ಮೊದಲು ಎಲ್ಲವನ್ನೂ ಒಟ್ಟಿಗೆ ಬೆಳೆದು ಒಟ್ಟಿಗೆ ಹಂಚಿಕೊಂಡರು, ಹಸಿದರು. ಗವರ್ನರ್ ಬ್ರಾಡ್‌ಫರ್ಡ್ ಮನೆಮನೆಗೆ ತುಂಡು ನೆಲ ಕೊಟ್ಟ ಮೇಲೆ ಬೆಳೆ ಬಂತು, ಕೃತಜ್ಞತೆ ಅದಕ್ಕೆ ಎಂಬುದು ಅದರ ತಿರುಳು. ಬೇಸಾಯ ಮಾಡಿ ಬದುಕಿದ ಅವರಿಗೆ ಅದು ತಮ್ಮದೇ ಕಥೆ. ಹೇಳುವಾಗ ದನಿ ನಡುಗುತ್ತಿತ್ತು.

ಮಗಳು ಮೆತ್ತಗೆ ಒಂದು ಮಾತು ಹೇಳಿದಳು. ನೆಲ ಹಂಚಿದ್ದು 1623ರಲ್ಲಿ, ಹಬ್ಬದ ಊಟ ಆದದ್ದು 1621ರಲ್ಲಿ. ಒಟ್ಟಿಗೆ ದುಡಿಯುವ ಆ ಕರಾರು ಲಂಡನ್‌ನ ಹೂಡಿಕೆದಾರ ವ್ಯಾಪಾರಿಗಳ ಜೊತೆ ಆದದ್ದು. ಆ ಊಟಕ್ಕೆ ಅಲ್ಲಿಯ ಮೂಲನಿವಾಸಿ ವಾಂಪನೋಗ್ ಜನರ ನಾಯಕ ಮಸಾಸೊಯಿಟ್ ಸುಮಾರು 90 ಜನರೊಂದಿಗೆ ಬಂದಿದ್ದ. ಅವರು ಐದು ಜಿಂಕೆ ತಂದಿದ್ದರು. ರೇಡಿಯೋ ಕಥೆಯಲ್ಲಿ ಅವರ ಪಾಲು ಬಹಳ ಚಿಕ್ಕದು. ಅಪ್ಪ ತಟ್ಟೆ ನೋಡುತ್ತ ಕೇಳಿಸಿಕೊಂಡರು. ಒಪ್ಪಲಿಲ್ಲ, ಜಗಳವಾಡಲೂ ಇಲ್ಲ. ಮಗಳ ತಟ್ಟೆಗೆ ಇನ್ನಷ್ಟು ಸಿಹಿಗೆಣಸು ಹಾಕಿದರು.

ಆಮೇಲೆ ಅಡುಗೆಮನೆಯಲ್ಲಿ ಅವಳು ನಮಗೆ ಹೇಳಿದ್ದು ಇದು. ಆ ಬೇಸಿಗೆಯಲ್ಲಿ ಅಪ್ಪ ಲಸಿಕೆ ಬೇಡ ಎಂದು ಹಟ ಹಿಡಿದಿದ್ದರು. ರೇಡಿಯೋದಲ್ಲಿ ಕೇಳಿದ್ದ ಅನುಮಾನಗಳೇ ಬಾಯಲ್ಲಿ. ಅವಳು ಕೋವಿಡ್ ವಾರ್ಡಿನಲ್ಲಿ ದುಡಿದವಳು. ಆಗಸ್ಟ್‌ನಲ್ಲಿ ನ್ಯಾಶ್‌ವಿಲ್‌ನ ರೇಡಿಯೋ ನಿರೂಪಕ ಫಿಲ್ ವ್ಯಾಲೆಂಟೈನ್ ಕೋವಿಡ್‌ನಿಂದ ಸತ್ತರು. ಲಸಿಕೆಯ ಬಗ್ಗೆ ಅನುಮಾನದಲ್ಲಿ ಮಾತಾಡುತ್ತಿದ್ದವರು. ಅವರು ಆಸ್ಪತ್ರೆ ಸೇರಿದ ಮೇಲೆ ಕುಟುಂಬವೇ ಲಸಿಕೆ ಹಾಕಿಸಿಕೊಳ್ಳಿ ಎಂದು ಕೇಳುಗರನ್ನು ಬೇಡಿಕೊಂಡಿತ್ತು. ಅಪ್ಪ ಅದನ್ನು ಕೇಳಿ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ತಾವೇ ಹೋಗಿ ಹಾಕಿಸಿಕೊಂಡು ಬಂದರು. ಕಾಫಿ ಗೆಳೆಯರಿಗೆ ಇನ್ನೂ ಹೇಳಿಲ್ಲವಂತೆ. ನನ್ನ ಹತ್ತಿರ ಅಷ್ಟು ಬೇಡಿಸಿಕೊಂಡರಲ್ಲ ಎಂದು ಅವಳು ಕಣ್ಣೊರೆಸಿಕೊಂಡಳು.

ನನಗೆ ಸಿಟ್ಟು ಬಂದದ್ದು ಅಲ್ಲಿ. ಇಷ್ಟು ಗಾಢವಾಗಿ ನಂಬುವ ಜನರ ಕಿವಿಯಲ್ಲಿ ಮಾತಾಡುವವರು ಒಂದೊಂದು ಮಾತನ್ನೂ ತೂಗಿ ಆಡಬೇಕು. ಎದುರು ಮಾತಿಗೂ ಜಾಗವಿರಬೇಕು ಎನ್ನುವ ಹಳೆಯ ನಿಯಮ ಇದ್ದಿದ್ದರೆ ಒಬ್ಬ ಡಾಕ್ಟರಾದರೂ ಅದೇ ಮೈಕಿನ ಮುಂದೆ ಕೂತು ಉತ್ತರ ಕೊಡಬಹುದಿತ್ತು, ಅಲ್ವಾ?

ಸಂಜೆ ಯಜಮಾನರು ನನ್ನನ್ನು ಕೊಟ್ಟಿಗೆಗೆ ಕರೆದೊಯ್ದರು. ಟ್ರ್ಯಾಕ್ಟರಿನ ಪಕ್ಕ ಮೊಳೆಗೆ ನೇತುಹಾಕಿದ ಹಳೆಯ ರೇಡಿಯೋ. 80ರ ದಶಕದಲ್ಲಿ ಸಾಲದ ಬಡ್ಡಿ ಏರಿ ಅಕ್ಕಪಕ್ಕದವರು ಹೊಲ ಕಳೆದುಕೊಂಡದ್ದನ್ನು ಹೇಳಿದರು. 1988ರ ಬರವನ್ನು ಹೇಳಿದರು. ಟಿವಿಯಲ್ಲಿ ಮಾತಾಡುವವರಿಗೆ ನಾವು ಇದ್ದೇವೆ ಅನ್ನುವುದೇ ಗೊತ್ತಿರಲಿಲ್ಲ ಅಂದರು. ಕೊಯ್ಲಿನ ಯಂತ್ರದಲ್ಲಿ ಹನ್ನೆರಡು ತಾಸು ಒಬ್ಬರೇ. ಆಗ ಬಂದ ದನಿ ಅದು. ನಗಿಸಿತು, ಜೊತೆಗಿತ್ತು. ಮೂವತ್ತು ವರ್ಷ ಹೆಂಡತಿಯ ಮಾತಿಗಿಂತ ಜಾಸ್ತಿ ಕೇಳಿದ್ದು ಅದನ್ನೇ ಅಂದರು. ನನಗೆ ಅಜ್ಜ ನೆನಪಾದರು. ಅಜ್ಜನ ರೇಡಿಯೋ ಯಾರನ್ನೂ ದ್ವೇಷಿಸಲು ಹೇಳಲಿಲ್ಲ, ಆ ವ್ಯತ್ಯಾಸ ದೊಡ್ಡದು. ಆದರೆ ಒಬ್ಬಂಟಿ ಕೆಲಸಕ್ಕೆ ಒಂದು ದನಿ ಬೇಕು ಅನ್ನುವುದು ಎರಡೂ ಕಡೆ ಒಂದೇ.

ಕತ್ತಲಾದ ಮೇಲೆ ಎಎಂ ಅಲೆಗಳು ಆಕಾಶದ ಮೇಲ್ಪದರಕ್ಕೆ ಬಡಿದು ದೂರ ದೂರ ಬೀಳುತ್ತವೆ. ಅವರು ಮುಳ್ಳು ತಿರುಗಿಸುತ್ತ ಒಂದೊಂದೇ ಹಿಡಿದು ತೋರಿಸಿದರು. 650, ನ್ಯಾಶ್‌ವಿಲ್. 870, ನ್ಯೂ ಆರ್ಲಿಯನ್ಸ್. 890, ಷಿಕಾಗೋ. 1040, ಅಯೋವಾದ ಡೆ ಮೊಯ್ನ್. ಮುಂದೆ ಅಮೆರಿಕದ ಅಧ್ಯಕ್ಷರಾದ ರೇಗನ್ ಹರೆಯದಲ್ಲಿ ಆಟದ ವರದಿ ಓದುತ್ತಿದ್ದ ಸ್ಟೇಷನ್ ಅದು. ನಡುವೆ ಯಾವುದೋ ವಾರ್ತೆಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹೊಸ ತಳಿಯ ವೈರಸ್ ಎಂಬ ಸುದ್ದಿ ಬಂತು. ನಾನು ವಾಪಸು ಹೋಗುವ ದಾರಿ ಮುಚ್ಚಬಹುದೇ ಎಂದು ಎದೆ ಧಸಕ್ಕೆಂದಿತು. ಅವರು ನನ್ನ ಭುಜದ ಮೇಲೆ ಕೈಯಿಟ್ಟರು.

ಕೊಟ್ಟಿಗೆಯ ಹಲಗೆಯ ಮೇಲೆ ಪೆನ್ಸಿಲ್‌ನಲ್ಲಿ ಸ್ಟೇಷನ್‌ಗಳ ಅಂಕಿಗಳ ಉದ್ದನೆಯ ಪಟ್ಟಿ ಇತ್ತು. ವರ್ಷಾನುವರ್ಷ ಬರೆದದ್ದು. ನಿಮ್ಮೂರಿನದು ಎಷ್ಟು ಎಂದು ಕೇಳಿದರು. ಹೇಳಿದೆ. ಅಲ್ಲಿಂದ ಇಲ್ಲಿಗೆ ಕೇಳುವುದಿಲ್ಲ ಎಂದೂ ಹೇಳಿದೆ. ಗೊತ್ತು ಅಂದರು. ಪಟ್ಟಿಯ ಕೊನೆಗೆ 765 ಎಂದು ಬರೆದರು. ಊರಿನ ಹೆಸರನ್ನು ಮೂರು ಸಲ ಹೇಳಿಸಿಕೊಂಡು, ತಮ್ಮ ಲಿಪಿಯಲ್ಲಿ ನಿಧಾನವಾಗಿ ಬರೆದು, ಸರಿ ಇದೆಯಾ ಎಂದು ನನ್ನ ಕಡೆ ಟಾರ್ಚು ಹಿಡಿದರು.