ಮೂರು ಕಿಲೋ ಗೈಡು

ಇವತ್ತು ಮಗಳ ಜೊತೆ ಮಂಗಳೂರಿನ ಹಂಪನಕಟ್ಟೆಗೆ ಹೋಗಿದ್ದೆ, ಸಿಇಟಿ ಪುಸ್ತಕ ತರಲು. ಈ ಸೆಕೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆಯೋದೇ ಒಂದು ಪರೀಕ್ಷೆ. ಅವಳು ಹಿಡಿದದ್ದು ಇಟ್ಟಿಗೆಯಂಥ ಗೈಡು. ಮನೆಯಲ್ಲಿ ಆಗಲೇ ಅಂಥದ್ದು ಎರಡಿವೆ. ಒಂದರಲ್ಲಿ ಭೌತಶಾಸ್ತ್ರದ ಲೆಕ್ಕಕ್ಕೆ ಉತ್ತರವೇ ತಪ್ಪು. ಪಾಪ, ಅರ್ಧ ರಾತ್ರಿ ತನ್ನದೇ ತಪ್ಪು ಅಂತ ತಲೆ ಕೆಡಿಸಿಕೊಂಡಿದ್ದಳು.

ಗೈಡು ಅಲ್ಲೇ ಇಟ್ಟು ಝೆರಾಕ್ಸ್ ಅಂಗಡಿಗೆ ಹೋದೆವು. ಪರೀಕ್ಷಾ ಪ್ರಾಧಿಕಾರದ ಹಳೇ ಪ್ರಶ್ನೆಪತ್ರಿಕೆ, ಕೀ ಉತ್ತರ, ಜೊತೆಗೆ ಉತ್ತರಕ್ಕೆ ವೃತ್ತ ತುಂಬುವ ಹತ್ತು ಓಎಂಆರ್ ಹಾಳೆ. 2024ರ ಪತ್ರಿಕೆ ಮಾತ್ರ ನೋಡಿಕೊಂಡು ಬಳಸಬೇಕು. ಆ ವರ್ಷ ಸಿಲೆಬಸ್‌ನಲ್ಲಿ ಇಲ್ಲದ ಪ್ರಶ್ನೆಗಳು ಬಂದು ಗಲಾಟೆಯಾಗಿ, ಕೊನೆಗೆ ಎಲ್ಲ ವಿಷಯ ಸೇರಿ 50 ಪ್ರಶ್ನೆ ಕೈಬಿಟ್ಟೇ ಮೌಲ್ಯಮಾಪನ ಮಾಡಿದ್ದರು, ನೆನಪಿದೆ ಅಲ್ವಾ?

ಸಂಜೆ ಮೊಬೈಲಿನಲ್ಲಿ 80 ನಿಮಿಷ ಇಟ್ಟು ಕೂತಳು. ಒಂದು ವಿಷಯಕ್ಕೆ 60 ಪ್ರಶ್ನೆ, ಅಂದ್ರೆ ಒಂದಕ್ಕೆ ಒಂದು ನಿಮಿಷ 20 ಸೆಕೆಂಡ್. ಪೆನ್ನಿನಲ್ಲಿ ವೃತ್ತ ತುಂಬೋದಕ್ಕೇ ಎಷ್ಟು ಸಮಯ ಹೋಗುತ್ತೆ ಅನ್ನೋದು ಯಾವ ಗೈಡಿನಲ್ಲೂ ಗೊತ್ತಾಗಲ್ಲ. ಸಮಯ ಮುಗಿದಾಗ ಒಂಬತ್ತು ವೃತ್ತ ಖಾಲಿ. ಗೊತ್ತಿಲ್ಲ, ಅದಕ್ಕೇ ಬಿಟ್ಟೆ ಅಂದಳು. ನೀಟ್‌ನಲ್ಲಿ ತಪ್ಪಿಗೆ ಒಂದು ಅಂಕ ಹೋಗುತ್ತೆ, ಸಿಇಟಿಯಲ್ಲಿ ಹಾಗಿಲ್ಲ ಮಾರಾಯ್ತಿ, ಸುಮ್ನೆ ಯಾಕೆ ಬಿಟ್ಟೆ ಅಂದೆ. ಕಣ್ಣು ಬಿಟ್ಟು ನೋಡಿದಳು. ಎರಡು ವರ್ಷ ಕೋಚಿಂಗ್‌ಗೆ ಹೋದವಳು!

ಗೈಡಿನ ವಿಷಯದಲ್ಲಿ ನಾನೂ ಅವಳ ಹಾಗೇ. ಪುಸ್ತಕ ಕೊಂಡ ದಿನವೇ ಅರ್ಧ ಓದಿದಷ್ಟು ಸಮಾಧಾನ ನನಗೆ. ಈಗ ಅವಳು ಬಿಟ್ಟ ಒಂಬತ್ತು ಪ್ರಶ್ನೆಗೆ ಪಠ್ಯಪುಸ್ತಕ ತೆರೆದು ಕೂತಿದ್ದಾಳೆ. ಆ ಎರಡು ಗೈಡಿನ ಮೇಲೆ ಫ್ಯಾನ್ ಇಟ್ಟಿದ್ದೇವೆ, ಎತ್ತರ ಸರಿಯಾಗಿದೆ.