ಗೋಡೆಗಾ, ಮೋಲ್ಡಿಗಾ?

ಅಮ್ಮನಿಗೆ 72 ವರ್ಷ, ಎರಡೂ ಮಂಡಿ ನೋವು. ಆದರೂ ಒಗೆದ ಬಟ್ಟೆಯ ಬಕೆಟ್ ಹಿಡಿದು ದಿನಾ ತಾರಸಿ ಹತ್ತುತ್ತಿದ್ದರು. ಹೋದ ಮಳೆಗಾಲದಲ್ಲಿ ಮೆಟ್ಟಿಲ ಮೇಲೆ ಕಾಲು ಜಾರಿತು, ಪುಣ್ಯಕ್ಕೆ ಕಂಬಿ ಕೈಗೆ ಸಿಕ್ಕಿತು. ವಿಷಯ ತಿಳಿದ ವಾರವೇ ತುಮಕೂರಿಗೆ ಹೊರಟೆ. ಜೊತೆಯಲ್ಲಿ ಬಚ್ಚಲಿಗೆ ಒಂದು ಸ್ಟೀಲ್ ಹಿಡಿ, ಹಿಂದಿನ ವರಾಂಡಕ್ಕೆ ಒಂದು ಪುಲ್ಲಿ ಹ್ಯಾಂಗರ್. ಹ್ಯಾಂಗರನ್ನು ಸೂರಿಗೆ ಬಿಗಿದು ಹಗ್ಗ ಬಿಟ್ಟರೆ ಕೆಳಗಿಳಿಯುತ್ತದೆ, ಬಟ್ಟೆ ಹರವಿ ಎಳೆದರೆ ಮೇಲಕ್ಕೆ ಹೋಗುತ್ತದೆ.

ನಾಲ್ಕೇ ತೂತಿನ ಕೆಲಸಕ್ಕೆ ಯಾರೂ ಬರಲಿಲ್ಲ. ಎದುರುಮನೆ ಮೇಷ್ಟ್ರು ತಮ್ಮ ಡ್ರಿಲ್ ಕೊಟ್ಟರು. ಕೊರೆಯುವ ಕಡ್ಡಿಯನ್ನು (ಬಿಟ್) ಕಚ್ಚುವ 10 ಎಂಎಂ ಚಕ್ಕಿನ, 500 ವ್ಯಾಟಿನ, ಸುತ್ತಿಗೆ ಗುರುತಿನ ಸ್ವಿಚ್ ಇರುವ ಇಂಪ್ಯಾಕ್ಟ್ ಡ್ರಿಲ್. ಬಚ್ಚಲಿನ ಕೆಲಸ ಸಲೀಸಾಗಿ ಆಯಿತು. ಟೈಲ್ಸ್ ಮೇಲೆ ಟೇಪ್ ಅಂಟಿಸಿ, ಟೈಲ್ಸ್ ದಾಟುವವರೆಗೆ ಹ್ಯಾಮರ್ ಆಫ್ ಇಟ್ಟು, ಇಟ್ಟಿಗೆ ಸಿಕ್ಕ ಮೇಲೆ ಆನ್ ಮಾಡಿದೆ. ಕೆಂಪು ಪುಡಿ ಸುರಿಸುತ್ತಾ ಬಿಟ್ ಅರ್ಧ ನಿಮಿಷದಲ್ಲಿ ಒಳಗೆ ಹೋಯಿತು. ಅಮ್ಮ ಹಿಡಿಯನ್ನು ಎರಡು ಸಲ ಜಗ್ಗಿ ನೋಡಿ ತಲೆಯಾಡಿಸಿದರು.

ಅದೇ ಡ್ರಿಲ್ ಹಿಡಿದು ವರಾಂಡದಲ್ಲಿ ಏಣಿ ಹತ್ತಿದೆ. ಮೊದಲ ಅರ್ಧ ಇಂಚು ಗಾರೆ ಬೆಣ್ಣೆಯಂತೆ ಬಿಟ್ಟುಕೊಟ್ಟಿತು. ಆಮೇಲೆ ಒಂದು ಎಳ್ಳಿನಷ್ಟೂ ಮುಂದೆ ಹೋಗಲಿಲ್ಲ. ತಲೆಯ ಮೇಲೆ ಕೈಯೆತ್ತಿ, ಮೈಭಾರವನ್ನೆಲ್ಲ ಹಾಕಿ ಒತ್ತಿದೆ. ಹತ್ತು ನಿಮಿಷಕ್ಕೆ ಸುಟ್ಟ ವಾಸನೆ ಬಂತು. ಬಿಟ್ಟಿನ ತುದಿ ನೀಲಿಗಟ್ಟಿತ್ತು, ತೂತಿನ ಆಳ ಕಿರುಬೆರಳಿನ ಉಗುರಿನಷ್ಟು. ಏಣಿ ಹಿಡಿದಿದ್ದ ಅಮ್ಮ, “ಬಿಡಪ್ಪ, ನಾನು ಇಲ್ಲೇ ಕುರ್ಚಿ ಮೇಲೆ ಒಣಹಾಕ್ಕೋತೀನಿ” ಅಂದರು. ಆ ಮಾತು ನನ್ನನ್ನು ಬಹಳ ಚುಚ್ಚಿತು. ಮೇಷ್ಟ್ರ ಬಿಟ್ ಹಾಳಾಗಿದ್ದಕ್ಕೆ ಹೊಸದು ತಂದುಕೊಡುತ್ತೇನೆಂದು ಹೇಳಿ ಬೆಂಗಳೂರಿಗೆ ವಾಪಸ್ ಬಂದೆ.

ಮುಂದಿನ ಶನಿವಾರ ಮಾರ್ಕೆಟ್ ಮೆಟ್ರೋ ನಿಲ್ದಾಣದಲ್ಲಿ ಇಳಿದು ಎಸ್.ಜೆ.ಪಿ. ರಸ್ತೆಗೆ ನಡೆದೆ. ಪಂಪು, ಮೋಟಾರು, ನಟ್ಟು ಬೋಲ್ಟು, ಕಟಿಂಗ್ ಮಿಷನ್ನು, ಫುಟ್‌ಪಾತಿನವರೆಗೂ ಚಾಚಿಕೊಂಡ ಅಂಗಡಿಗಳು. ಜೇಬಿನಲ್ಲಿ ಮೂರೂವರೆ ಸಾವಿರ ಲೆಕ್ಕ ಹಾಕಿಕೊಂಡಿದ್ದೆ. ಇನ್ನೂ ಹೆಚ್ಚು ವ್ಯಾಟಿನದು ಕೊಂಡರೆ ಸಾಕು ಅನ್ನುವುದು ನನ್ನ ಎಣಿಕೆ. ಮೂರನೇ ಅಂಗಡಿಯ ಹಿರಿಯರು ವ್ಯಾಟಿನ ಮಾತನ್ನೇ ಎತ್ತಲಿಲ್ಲ.

“ಎಲ್ಲಿಗೆ ಹೊಡೀತೀರ ಸರ್, ಗೋಡೆಗಾ ಮೋಲ್ಡಿಗಾ?”

ಮೋಲ್ಡಿಗೆ, ಅಂದರೆ ಕಾಂಕ್ರೀಟಿನ ಸೂರಿಗೆ, ಅಂದೆ. ಅವರು ಗಲ್ಲಾದ ಕೆಳಗಿನಿಂದ ರಿಪೇರಿಗೆ ಬಿಚ್ಚಿದ್ದ ಎರಡು ಸಾಮಾನು ತೆಗೆದಿಟ್ಟರು. ಒಂದು ಇಂಪ್ಯಾಕ್ಟ್ ಡ್ರಿಲ್ಲಿನದು: ಅಂಚಿಗೆ ಹಲ್ಲು ಕೊರೆದ ಎರಡು ಉಕ್ಕಿನ ಬಿಲ್ಲೆ. ತಿರುಗುವಾಗ ಒಂದರ ಹಲ್ಲಿನ ಮೇಲೆ ಇನ್ನೊಂದು ಹತ್ತಿ ಇಳಿಯುತ್ತದೆ, ಆ ಕುಲುಕಾಟವೇ ಪೆಟ್ಟು. ನಿಮಿಷಕ್ಕೆ 40 ಸಾವಿರಕ್ಕೂ ಹೆಚ್ಚು ಪೆಟ್ಟು, ಆದರೆ ಒಂದೊಂದೂ ಬೆರಳಲ್ಲಿ ತಟ್ಟಿದಷ್ಟು. ಅದಕ್ಕೆ ಬಲ ಬರಬೇಕಾದದ್ದು ಒತ್ತುವವನ ತೋಳಿನಿಂದ. ಇನ್ನೊಂದು ರೋಟರಿ ಹ್ಯಾಮರಿನ ಸಿಲಿಂಡರು. ಒಳಗೆ ಪಿಸ್ಟನ್ ಓಡಾಡಿ ಗಾಳಿಯನ್ನು ಒತ್ತುತ್ತದೆ, ಆ ಗಾಳಿ ಒಂದು ಉಕ್ಕಿನ ಗುಂಡನ್ನು ಎಸೆಯುತ್ತದೆ, ಅದು ಹೋಗಿ ಬಿಟ್ಟಿನ ಹಿಂಬದಿಗೆ ಬಡಿಯುತ್ತದೆ. ನಿಮಿಷಕ್ಕೆ ಐದು ಸಾವಿರ ಪೆಟ್ಟೂ ಇಲ್ಲ, ಆದರೆ ಒಂದೊಂದೂ ಒನಕೆ ಪೆಟ್ಟು. ಮೋಲ್ಡಿನಲ್ಲಿರುವ ಜಲ್ಲಿಯನ್ನು ಸವೆಸಲಾಗದು, ಒಡೆಯಬೇಕು. ನಾನು ಹತ್ತು ನಿಮಿಷ ಜಲ್ಲಿ ಸವೆಸಲು ನೋಡಿದ್ದೆ, ಅಷ್ಟೇ.

ನನ್ನ ಮುಂದೆ ಮೂರು ಡಬ್ಬ ಇದ್ದವು. 13 ಎಂಎಂ ಇಂಪ್ಯಾಕ್ಟ್ ಡ್ರಿಲ್, ಮೂರು ಸಾವಿರದ ಹತ್ತಿರ. ಹೆಸರೇ ಕೇಳಿರದ ಕಂಪನಿಯ ರೋಟರಿ ಹ್ಯಾಮರ್, ಅದೂ ಹೆಚ್ಚುಕಮ್ಮಿ ಅದೇ ಬೆಲೆ, ಮೇಲೆ ದಪ್ಪಕ್ಷರದಲ್ಲಿ 1200 ವ್ಯಾಟ್. ಮೂರನೆಯದು ಹೆಸರಿರುವ ಕಂಪನಿಯ ಚಿಕ್ಕ ರೋಟರಿ ಹ್ಯಾಮರ್, 720 ವ್ಯಾಟ್, ಏಳು ಸಾವಿರಕ್ಕೆ ಸ್ವಲ್ಪ ಕಡಿಮೆ. ಎರಡನೆಯದರ ಮೇಲೆ ಕಣ್ಣು ಬಿದ್ದಿತ್ತು ನಿಜ. ಆದರೆ ಮೂರನೆಯದರ ಡಬ್ಬದಲ್ಲಿ ‘2 ಜೌಲ್’ ಎಂದು ಪ್ರತಿ ಪೆಟ್ಟಿನ ಶಕ್ತಿ ಅಚ್ಚಾಗಿತ್ತು. 1200 ವ್ಯಾಟಿನದರಲ್ಲಿ ಆ ಅಂಕಿಯೇ ಇಲ್ಲ. ವ್ಯಾಟ್ ಅಂದರೆ ಮಿಷನ್ ಎಷ್ಟು ಕರೆಂಟು ಕುಡಿಯುತ್ತದೆ ಅನ್ನುವುದು, ಎಷ್ಟು ಜೋರಾಗಿ ಹೊಡೆಯುತ್ತದೆ ಅನ್ನುವುದಲ್ಲ. ಮೋಟಾರಿನ ಕಾರ್ಬನ್ ಬ್ರಷ್ ಸವೆದರೆ ಎಲ್ಲಿ ಸಿಗುತ್ತದೆಂದು ಕೇಳಿದ್ದಕ್ಕೆ, ಎರಡನೆಯ ಡಬ್ಬದ ವಿಷಯದಲ್ಲಿ ಹಿರಿಯರು ಉತ್ತರ ಕೊಡಲಿಲ್ಲ. ಅವರ ಆ ಮೌನಕ್ಕೆ ನಾನು ಇವತ್ತಿಗೂ ಋಣಿ.

“ನಾಲ್ಕೇ ತೂತಾದ್ರೆ ಬಾಡಿಗೆಗೆ ತಗೊಳ್ಳಿ ಸರ್” ಅಂತಲೂ ಹೇಳಿದರು. ಮಾರುವವರ ಬಾಯಲ್ಲಿ ಈ ಮಾತು ಅಪರೂಪ. ಅಮ್ಮನ ಮನೆಗಷ್ಟೇ ಆಗಿದ್ದರೆ ಹಾಗೇ ಮಾಡುತ್ತಿದ್ದೆ. ಆದರೆ ಬೆಂಗಳೂರಿನ ನಮ್ಮ ಫ್ಲ್ಯಾಟು ಮೈವಾನ್ ಪದ್ಧತಿಯದು. ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಗೋಡೆ, ಸೂರು ಎಲ್ಲವನ್ನೂ ಒಟ್ಟಿಗೆ ಕಾಂಕ್ರೀಟಿನಲ್ಲೇ ಎರಕ ಹೊಯ್ದಿದ್ದಾರೆ. ಅಲ್ಲಿ ಗೋಡೆಯೂ ಮೋಲ್ಡೇ. ಎರಡು ವರ್ಷದಿಂದ ಪರದೆಯ ಕಂಬಿಗಳು ಮಂಚದ ಕೆಳಗೆ ಬಿದ್ದಿವೆ. ಎಷ್ಟು ತೂತು ಬೇಕೆಂದು ಹೆಂಡತಿಗೆ ಫೋನಿನಲ್ಲಿ ಎಣಿಸಲು ಹೇಳಿದೆ. 26 ಅಂದಳು. ಬಜೆಟ್ಟಿನ ಎರಡು ಪಟ್ಟು ಕೊಟ್ಟು ಮೂರನೆಯದನ್ನೇ ಕೊಂಡೆ. ಅದಕ್ಕೆ ಮಾಮೂಲಿ ಬಿಟ್ ಹಿಡಿಸುವುದಿಲ್ಲ. ಹಿಂಬದಿಯಲ್ಲಿ ಕಚ್ಚು ಕೊರೆದ ಎಸ್‌ಡಿಎಸ್ ಪ್ಲಸ್ ಬಿಟ್ಟೇ ಬೇಕು. 6, 8, 10 ಎಂಎಂನವು ಒಂದೊಂದು ತಂದೆ, ಮೇಷ್ಟ್ರಿಗೆ ಅವರ ಡ್ರಿಲ್ಲಿನ ಬಿಟ್ ಬೇರೆ.

ಭಾನುವಾರ ಬೆಳಿಗ್ಗೆ ತುಮಕೂರಲ್ಲಿ ಮೊದಲು ಡ್ರಿಲ್ ಮುಟ್ಟಲಿಲ್ಲ, ಸೂರು ನೋಡುತ್ತಾ ನಿಂತೆ. ಮೋಲ್ಡಿನೊಳಗೆ ವೈರಿನ ಪೈಪು ಹುದುಗಿರುತ್ತದೆ. ವರಾಂಡದ ಲೈಟಿನಿಂದ ಸ್ವಿಚ್‌ಬೋರ್ಡಿನ ಕಡೆಗೆ ಅದು ಹೋಗಿರಬಹುದಾದ ದಾರಿಯನ್ನೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ ಬಿಟ್ಟುಬಿಟ್ಟೆ. ವರಾಂಡದ ಎಂಸಿಬಿ ಇಳಿಸಿ, ಅಡುಗೆಮನೆಯಿಂದ ಉದ್ದದ ವೈರೆಳೆದೆ. ಬಿಟ್ಟಿಗೆ 45 ಎಂಎಂ ಆಳದಲ್ಲಿ ಟೇಪ್ ಸುತ್ತಿ, ಖಾಲಿ ಮೊಸರಿನ ಡಬ್ಬಿಯ ತಳ ತೂತು ಮಾಡಿ ಬಿಟ್ಟಿಗೆ ಪೋಣಿಸಿದೆ. ಪುಡಿಯೆಲ್ಲ ಅದರಲ್ಲೇ ಬೀಳುತ್ತದೆ. ಕಣ್ಣಿಗೆ ಕನ್ನಡಕ, ಕಿವಿಗೆ ಹತ್ತಿ, ಮೂಗಿಗೆ ಮಾಸ್ಕ್.

ಒತ್ತಬೇಕಾಗಿಯೇ ಬರಲಿಲ್ಲ. ಬರೀ ನೆಟ್ಟಗೆ ಹಿಡಿದುಕೊಂಡಿದ್ದೆ, ಅದೇ ಒಳಗೆ ಹೋಯಿತು. ಬೂದುಬಣ್ಣದ ಪುಡಿ, ಅರ್ಧ ನಿಮಿಷಕ್ಕೆ ಒಂದು ತೂತು. ಮೂರನೆಯದರಲ್ಲಿ ಸದ್ದು ಬದಲಾಗಿ ‘ಟಣ್’ ಅಂದಿತು, ಬಿಟ್ ನಿಂತಿತು. ಮೋಲ್ಡಿನೊಳಗಿನ ಕಬ್ಬಿಣದ ಕಂಬಿ ಸಿಕ್ಕಿತ್ತು. ಕಂಬಿಯ ಜೊತೆ ಹಟ ಮಾಡಬಾರದು. ಅದು ಸೂರಿನ ಬೆನ್ನುಮೂಳೆ. ಆ ತೂತನ್ನು ಸಿಮೆಂಟಿನಿಂದ ಮುಚ್ಚಿ, ಬ್ರ್ಯಾಕೆಟ್ಟನ್ನೇ ಎರಡು ಇಂಚು ಸರಿಸಿದೆ. ತೂತುಗಳಿಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆದು ಪುಡಿ ತೆಗೆದು, ಪ್ಲಾಸ್ಟಿಕ್ ಪ್ಲಗ್ಗಿನ ಬದಲು 10 ಎಂಎಂ ಆ್ಯಂಕರ್ ಬೋಲ್ಟ್ ಹಾಕಿ ಬಿಗಿದೆ. ಒದ್ದೆ ಬೆಡ್‌ಶೀಟಿನ ಭಾರ ಅಮ್ಮನ ತಲೆಯ ಮೇಲೆ ತೂಗುತ್ತದೆ ಅನ್ನುವುದು ಮನಸ್ಸಿನಲ್ಲಿತ್ತು.

ಅಮ್ಮ ಹಗ್ಗ ಬಿಟ್ಟು ಹ್ಯಾಂಗರ್ ಇಳಿಸಿ, ತಮ್ಮ ಸೀರೆ ಹರವಿ, ಮೇಲಕ್ಕೆ ಎಳೆದರು. ಹಗ್ಗ ಸುತ್ತಲು ನಾನು ನನ್ನ ಎತ್ತರಕ್ಕೆ ಗೋಡೆಯಲ್ಲಿ ಕೊಕ್ಕೆ ಹೊಡೆದಿದ್ದೆ. ಅವರಿಗೆ ತುದಿಗಾಲಲ್ಲಿ ನಿಲ್ಲಬೇಕಾಯಿತು.

“ಈ ಕೊಕ್ಕೆ ಒಂದು ಗೇಣು ಕೆಳಗೆ ಬರಲಿ ಕಣಪ್ಪ” ಅಂದರು.

ಅದು ಇಟ್ಟಿಗೆ ಗೋಡೆ. ಹೊಸ ಮಿಷನ್ನಿನ ಪೆಟ್ಟು ತಾಳದೆ ಮೊದಲ ಕೊಕ್ಕೆಯ ತೂತಿನ ಸುತ್ತ ಗಾರೆ ಒಂದಿಷ್ಟು ಉದುರಿತ್ತು. ಹೊಸ ಬಿಟ್ ಕೈಯಲ್ಲಿ ಹಿಡಿದು, ಮೇಷ್ಟ್ರ ಡ್ರಿಲ್ ಕೇಳಲು ಎದುರುಮನೆಗೆ ಹೋದೆ.